ಅಕ್ಕನ ಮೆಟ್ಟಿಲು

ಒಂದು ಅಲ್ಪವಿರಾಮ ಸಾಲಿನ ಕೊನೆಯಲ್ಲಿರಬೇಕೋ ಮುಂದಿನ ಸಾಲಿನ ಮೊದಲಲ್ಲಿರಬೇಕೋ ಎಂದು ಓದಿದ, ತಿಳಿದ, ಮನೆಮಠ ಇರುವ ಜನ ವಾರಗಟ್ಟಲೆ ಕಿತ್ತಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊರಗಿನವರು ಕೇಳಿದರೆ ನಗುತ್ತಾರೆ. ನಾನೂ ನಗಬಹುದಿತ್ತು, ಆದರೆ ಆ ಜಗಳದಲ್ಲಿ ಒಂದು ಕಡೆ ಯಾವಾಗಲೂ ನನ್ನ ಅಕ್ಕನೇ ಇರುತ್ತಿದ್ದಳು. ಅವಳ ಎದುರು ನಗುವ ಧೈರ್ಯ ನನಗೆ ಈ ವಯಸ್ಸಿಗೂ ಬಂದಿಲ್ಲ.

ಅಕ್ಕನದು ಬಸ್ಸುಗಳ ವೇಳಾಪಟ್ಟಿ ಹೊಂದಿಸುವ ತಂತ್ರಾಂಶ. ಒಂದು ಬಸ್ಸು ತಡವಾದರೆ ಅದಕ್ಕಾಗಿ ಇನ್ನೊಂದನ್ನು ಎಷ್ಟು ಹೊತ್ತು ಕಾಯಿಸಬಹುದು, ಒಬ್ಬ ಡ್ರೈವರಿನ ಪಾಳಿ ಮುಗಿದರೆ ಅವನ ಜಾಗಕ್ಕೆ ಯಾರು, ಇಂಥ ತಲೆನೋವನ್ನೆಲ್ಲ ಅದು ನೋಡಿಕೊಳ್ಳುತ್ತದೆ. ಮುಕ್ತ ತಂತ್ರಾಂಶ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಿ ಕಳಿಸಬಹುದು, ಸಂಬಳ ಮಾತ್ರ ಯಾರಿಗೂ ಇಲ್ಲ. ಕಳಿಸಿದ್ದನ್ನು ಉಸ್ತುವಾರಿಯವರಲ್ಲಿ ಒಬ್ಬರು ನೋಡಿ ಒಪ್ಪಿದರೆ ಅದು ಒಳಗೆ ಸೇರುತ್ತದೆ. ಹಾಗೆ ಒಪ್ಪುವ ಅಧಿಕಾರ ಇರುವವರು ಬೆರಳೆಣಿಕೆಯ ಮಂದಿ, ಅವರಲ್ಲಿ ಮೊದಲ ಹೆಸರು ಅಕ್ಕನದು. ಅವಳ ಬಾಲಂಗೋಚಿಯಾಗಿ ನಾನೂ ಇದ್ದೇನೆ. ಹಗಲು ಒಂದು ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂತು ಹಲ್ಲುನೋವಿನವರನ್ನು ಸಮಾಧಾನ ಮಾಡುತ್ತೇನೆ, ಸಂಜೆ ಬಂದು ಅಕ್ಕನ ತಂತ್ರಾಂಶ ಬಳಸುವುದು ಹೇಗೆ ಎಂಬ ಸಹಾಯದ ಪುಟಗಳನ್ನು ಬರೆಯುತ್ತೇನೆ. ಎರಡೂ ಕಡೆ ಬರುವವರು ನೋವು ಹೇಳಿಕೊಳ್ಳಲಿಕ್ಕೇ ಬರುತ್ತಾರೆ.

ಅಕ್ಕ ಕೋಡ್ ಬರೆಯುವ ರೀತಿಯೇ ಬೇರೆ. ಸಮಚಿಹ್ನೆಗಳೆಲ್ಲ ಒಂದರ ಕೆಳಗೊಂದು ನೇರ ನಿಲ್ಲಬೇಕು. ‘ಹೀಗಾದರೆ ಹೀಗೆ ಮಾಡು’ ಎನ್ನುವ ಉದ್ದನೆಯ ಷರತ್ತು ಬಂದರೆ ಅದನ್ನು ತುಂಡು ತುಂಡಾಗಿ ಒಡೆದು, ಒಂದೊಂದು ತುಂಡನ್ನೂ ಒಂದಿಷ್ಟು ಬಲಕ್ಕೆ ಸರಿಸಿ ಮೆಟ್ಟಿಲು ಇಳಿಸುತ್ತಾಳೆ. ಒಂದು ವಿಷಯ ಮುಗಿದರೆ ಒಂದು ಖಾಲಿ ಸಾಲು, ದೊಡ್ಡ ವಿಷಯ ಮುಗಿದರೆ ಮೂರು. ಪ್ರಾಜೆಕ್ಟಿನವರು ಇದಕ್ಕೆ ‘ಅಕ್ಕನ ಮೆಟ್ಟಿಲು’ ಎಂದು ಹೆಸರಿಟ್ಟಿದ್ದರು. ಪ್ರೀತಿಯಿಂದ ಇಟ್ಟದ್ದೇನೂ ಅಲ್ಲ. ಯಾರು ಎಷ್ಟೇ ಒಳ್ಳೆಯ ಕೆಲಸ ಮಾಡಿ ಕಳಿಸಿದರೂ ಮೆಟ್ಟಿಲು ಸರಿಯಾಗಿ ಇಳಿದಿಲ್ಲ ಎಂದು ಅಕ್ಕ ಕಡ್ಡಿ ಮುರಿದ ಹಾಗೆ ಬರೆದು ವಾಪಸ್ ಕಳಿಸುತ್ತಿದ್ದಳು. ಕೈ ಪಳಗಿದ ಕೆಲವರು ಇದರಿಂದಲೇ ರೋಸಿಹೋಗಿ ಪ್ರಾಜೆಕ್ಟನ್ನೇ ಬಿಟ್ಟರು. ಅವಳು ಹುಟ್ಟಾ ಜಗಮೊಂಡಿ, ನನ್ನ ಅಕ್ಕ ಎಂದು ಅದನ್ನು ಮುಚ್ಚಿಡಲಾರೆ.

ಹಾಗಾಗಿ ಗುಬ್ಬಿ ಆ ಪ್ರಸ್ತಾಪ ತಂದಾಗ ತಪ್ಪು ಅವಳದು ಎನ್ನಲು ನನಗೆ ಬಾಯಿಲ್ಲ. ಗುಬ್ಬಿ ಅಂದರೆ ಪ್ರಾಜೆಕ್ಟಿನಲ್ಲಿ ಅಕ್ಕನ ನಂತರದವಳು. ಹೆಸರಿನ ಪಕ್ಕ ಗುಬ್ಬಿಯ ಚಿತ್ರ ಹಾಕಿಕೊಂಡಿದ್ದಾಳೆ, ಎಲ್ಲರೂ ಹಾಗೇ ಕರೆಯುತ್ತಾರೆ. ಅವಳು ಕೇಳಿದ್ದು ಫಾರ್ಮ್ಯಾಟರ್ ಹಾಕೋಣ ಎಂದು. ಅದೊಂದು ಸಣ್ಣ ರೋಬೋ. ಯಾರು ಹೇಗೆ ಬರೆದು ಕಳಿಸಿದರೂ, ಅದು ಒಳಗೆ ಸೇರಿದ ಮೇಲೆ ರೋಬೋ ಬಂದು ಸಾಲುಗಳನ್ನೆಲ್ಲ ಒಂದೇ ಅಳತೆಗೆ ಮಡಚಿಟ್ಟು ಹೋಗುತ್ತದೆ. ಕೋಡ್ ಮಾಡುವ ಕೆಲಸ ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ನೋಟ ಮಾತ್ರ ಎಲ್ಲ ಕಡೆ ಒಂದೇ ಆಗುತ್ತದೆ. ಎಲ್ಲಿ ಅಲ್ಪವಿರಾಮ, ಎಷ್ಟು ಖಾಲಿ ಜಾಗ ಎಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಅಕ್ಕನ ಮೆಟ್ಟಿಲಿಗೆ ಅದರಲ್ಲಿ ಜಾಗವಿರಲಿಲ್ಲ.

ಅಕ್ಕನಿಗೆ ಆ ಮೆಟ್ಟಿಲು ಬೇಕೇ ಬೇಕಿತ್ತು. ಯಾಕೆ ಎಂದು ಭೂಮಿಯ ಮೇಲೆ ನನ್ನೊಬ್ಬಳಿಗೆ ಗೊತ್ತಿತ್ತು.

ಅಕ್ಕನ ಕಣ್ಣಿನ ಪರದೆಯ ನಡುಭಾಗ ಸವೆದುಹೋಗಿದೆ, ಅಂಚು ಉಳಿದಿದೆ, ಅಂಚು ಹೀಗೇ ಇರುತ್ತದೆ, ನಡುವಿನದು ಬರುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು. ಎಲ್ಲಿ ನೋಡುತ್ತಾಳೋ ಅಲ್ಲಿ ಏನೂ ಕಾಣುವುದಿಲ್ಲ, ನೋಡದ ಕಡೆ ಕಾಣುತ್ತದೆ. “ನೀನು ಬಾಗಿಲಲ್ಲಿ ನಿಂತ್ರೆ ನಿನ್ನ ಚಪ್ಪಲಿ ಕಾಣತ್ತೆ, ಬಟ್ಟೆ ಕಾಣತ್ತೆ. ಮುಖ ಇರೋ ಕಡೆ ಯಾರೋ ಒರೆಸಿಟ್ಟ ಹಾಗಿದೆ” ಎಂದಿದ್ದಳು ಒಮ್ಮೆ, ಹವಾಮಾನದ ವಿಷಯ ಹೇಳುವ ದನಿಯಲ್ಲಿ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಕಂಪ್ಯೂಟರಿನ ಅಕ್ಷರ ದೊಡ್ಡದು ಮಾಡಿ ನೋಡಿದೆವು, ಒಂದೇ ಪದ ಪರದೆ ತುಂಬಿತು, ಅದರ ನಡುವೆ ತೂತು. ಬರೆದದ್ದನ್ನು ಓದಿ ಹೇಳುವ ತಂತ್ರಾಂಶ ಹಾಕಿದೆವು. ಅದು ಆವರಣ, ಆವರಣ, ಅಲ್ಪವಿರಾಮ, ಆವರಣ ಎಂದು ಒದರಲು ಶುರುಮಾಡಿದ ಒಂದು ಗಳಿಗೆಗೆ ಅಕ್ಕ, “ಆರಿಸು ಅದನ್ನ. ನನ್ನ ಮನೆ ಸಾಮಾನನ್ನ ಯಾರೋ ಒಂದೊಂದಾಗಿ ಹರಾಜು ಹಾಕ್ತಿರೋ ಹಾಗಿದೆ” ಎಂದಳು. ರೂಢಿಯಾಗತ್ತೆ ಕಣಕ್ಕ ಎಂದೆ. ರೂಢಿ ಮಾಡಿಕೊಳ್ಳುವವರ ಮುಖ ಅದಲ್ಲ ಎಂದು ನನಗೇ ಗೊತ್ತಿತ್ತು.

ಅವಳಿಗೆ ಉಳಿದಿದ್ದು ಆಕಾರ. ಮುಖವನ್ನು ಒಂದು ಕಡೆಗೆ ತಿರುಗಿಸಿ ಕಣ್ಣಿನ ಅಂಚಿನಿಂದ ನೋಡಿದರೆ ಅಕ್ಷರ ಕಾಣದಿದ್ದರೂ ಎಲ್ಲಿ ಮೆಟ್ಟಿಲು ಇಳಿದಿದೆ, ಎಲ್ಲಿ ಖಾಲಿ ಬಿಟ್ಟಿದೆ ಎಂಬುದು ಕಾಣುತ್ತಿತ್ತು. ಅಷ್ಟು ಸಾಕಿತ್ತು ಅವಳಿಗೆ. ಎರಡನೇ ಮೆಟ್ಟಿಲಿನ ತುದಿಯಲ್ಲಿ ಏನಿದೆ ಓದು ಎನ್ನುತ್ತಿದ್ದಳು, ನಾನು ಓದುತ್ತಿದ್ದೆ, ತಪ್ಪು ಅಲ್ಲೇ ಇರುತ್ತಿತ್ತು. ಹೊಸದನ್ನು ಟೈಪ್ ಮಾಡುವುದಕ್ಕೆ ಅವಳಿಗೆ ಕಣ್ಣು ಮೊದಲಿನಿಂದಲೂ ಬೇಕಿರಲಿಲ್ಲ. ಹೀಗೆ ಅವಳ ಅಂಚು, ನನ್ನ ಬಾಯಿ ಸೇರಿ ಪ್ರಾಜೆಕ್ಟ್ ನಡೆಯುತ್ತಿತ್ತು, ಯಾರಿಗೂ ಒಂದು ಚೂರು ಅನುಮಾನ ಬಂದಿರಲಿಲ್ಲ. ಯಾರಿಗೂ ಹೇಳಕೂಡದು ಎಂದು ಮಾತು ತಗೊಂಡಿದ್ದಳು. “ಹೇಳಿದ ದಿನ ನಾನು ಅವರ ಪಾಲಿಗೆ ಕಣ್ಣಿಲ್ಲದ ಮುದುಕಿ ಆಗ್ತೀನಿ. ಅಲ್ಲಿ ಅಷ್ಟಾದ್ರೂ ನಾನು ನಾನಾಗಿ ಇರ್ತೀನಿ ಬಿಡು.”

ಫಾರ್ಮ್ಯಾಟರ್ ಬಗ್ಗೆ ಮಾತಾಡಲು ಎಲ್ಲರೂ ಕರೆಯಲ್ಲಿ ಸೇರಿದರು. ಕ್ಯಾಮೆರಾ ಯಾರದ್ದೂ ಇಲ್ಲ, ದನಿ ಮಾತ್ರ. ನಾನು ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದೆ. ಕೆಳಗಡೆ ಸೈಕಲ್ ರಿಪೇರಿಯವನು ರಿಮ್ಮು ಬಡಿಯುತ್ತಿದ್ದ, ಎದ್ದು ಕಿಟಕಿ ಹಾಕಿ ಬಂದೆ.

“ಅಕ್ಕಾ, ತಪ್ಪು ತಿಳ್ಕೋಬೇಡಿ” ಎಂದಳು ಗುಬ್ಬಿ. “ಮಗು ಮಲಗಿದ ಮೇಲೆ ನಂಗೆ ಸಿಗೋದೇ ಒಂದು ಚೂರು ಹೊತ್ತು. ಅದರಲ್ಲಿ ಅರ್ಧ ಸ್ಪೇಸ್ ಒತ್ತೋದ್ರಲ್ಲೇ ಹೋಗತ್ತೆ. ಒಂದು ಪಾಳಿ ಲೆಕ್ಕ ಸರಿಮಾಡೋಕೆ ಕೂತ್ರೆ ಮೆಟ್ಟಿಲು ಕಟ್ಟಿ ಎದ್ದು ಬರ್ತೀನಿ. ಹೊಸಬರು ಬರ್ತಾರೆ, ಹೆದರ್ಕೊಂಡು ಓಡ್ತಾರೆ. ನೀವು ಬೇಡ ಅಂದ್ರೆ ಬೇಡ. ಆದ್ರೆ ಯಾಕೆ ಬೇಡ ಅಂತ ಒಂದು ಮಾತು ಹೇಳಿ, ಸಾಕು.”

ಇಷ್ಟು ನ್ಯಾಯವಾಗಿ ಕೇಳುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ. ನಾನು ಮೇಜಿನ ಕೆಳಗೆ ಅಕ್ಕನ ಮೊಣಕಾಲು ಒತ್ತಿದೆ, ಹೇಳಿಬಿಡು ಎಂದು. ಅವಳು ನನ್ನ ಕೈ ಎತ್ತಿ ನನ್ನ ಮಡಿಲಿಗೇ ವಾಪಸ್ ಇಟ್ಟಳು.

“ಹಾಕಿ” ಎಂದಳು. “ನಾನು ಕಾಟ ಕೊಟ್ಟಿದ್ದು ಸಾಕು.”

ಎಲ್ಲರೂ ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು. ಕರೆ ಮುಗಿದ ಮೇಲೆ ನಾನು ಉರಿದುಬಿದ್ದೆ, ಯಾಕೆ ಒಪ್ಪಿದೆ, ನಿನಗೇನಾದರೂ ತಲೆ ಕೆಟ್ಟಿದೆಯಾ ಎಂದು. “ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರಲ್ಲ, ಏನ್ ಹೇಳ್ಲಿ” ಎಂದಳು. ಸೊಪ್ಪು ಬಿಡಿಸುತ್ತಾ ಕೂತೆ, ಅಕ್ಕ ಪಕ್ಕದಲ್ಲಿ ಕೂತು ದಂಟು ಮುರಿದಳು.

ಫಾರ್ಮ್ಯಾಟರಿಗೂ ಒಂದು ದಾಕ್ಷಿಣ್ಯ ಇದೆ ಎಂದು ನಾನು ಓದಿ ತಿಳಿದುಕೊಂಡೆ. ಫೈಲಿನ ನೆತ್ತಿಯ ಮೇಲೆ ‘ಇದನ್ನು ಮುಟ್ಟಬೇಡ’ ಎನ್ನುವ ಒಂದು ಸಾಲು ಬರೆದರೆ ರೋಬೋ ಆ ಫೈಲನ್ನು ಬಿಟ್ಟು ಮುಂದೆ ಹೋಗುತ್ತದೆ. ಪಾಳಿಯ ಲೆಕ್ಕ ಮಾಡುವ ಫೈಲುಗಳಿಗೆ, ಅಂದರೆ ಅಕ್ಕ ದಿನವೂ ಕೈಯಾಡಿಸುವ ಫೈಲುಗಳಿಗೆ, ಆ ಸಾಲು ಬರೆದೆ. ಕೋಷ್ಟಕಗಳು ಚೆಲ್ಲಾಪಿಲ್ಲಿ ಆಗುತ್ತವೆ ಎಂದು ಕಾರಣ ಕೊಟ್ಟೆ. ಗುಬ್ಬಿ ಒಪ್ಪಿದಳು, ಒಂದೇ ಒಂದು ಷರತ್ತು ಹಾಕಿದಳು: “ಪಕ್ಕದಲ್ಲಿ ‘ಸದ್ಯಕ್ಕೆ’ ಅಂತ ಸೇರಿಸಿ. ಇಲ್ಲದಿದ್ರೆ ನಾಳೆ ಎಲ್ಲರೂ ಅವರವರ ಫೈಲಿಗೆ ಬೇಲಿ ಹಾಕ್ಕೊಂಡು ಕೂರ್ತಾರೆ.” ಸೇರಿಸಿದೆ. ಅಕ್ಕನಿಗೆ ಹೇಳಿದೆ. ಅವಳು ಹೂಂ ಎಂದಳು. ಅವಳ ಹೂಂ ಅಂದರೆ ಬೇರೆಯವರು ಕೈ ಹಿಡಿದು ಉಪಕಾರ ಸ್ಮರಿಸಿದ ಹಾಗೆ.

ರೋಬೋ ಬಂತು. ಒಂದೇ ಏಟಿಗೆ ಉಳಿದ ಫೈಲುಗಳೆಲ್ಲ ಒಂದೇ ಅಚ್ಚಿನವಾದವು. ಅಕ್ಕ ಅವುಗಳನ್ನು ತೆರೆದು ಓರೆಗಣ್ಣಿನಿಂದ ನೋಡಿ, “ಗೋಡೆ. ಬರೀ ಗೋಡೆ. ಬಾಗಿಲು ಎಲ್ಲಿದೆ ಅಂತ್ಲೇ ಗೊತ್ತಾಗ್ತಿಲ್ಲ” ಎಂದು ಮುಚ್ಚಿಟ್ಟಳು. ಪಾಳಿಯ ಫೈಲುಗಳು ಮಾತ್ರ ಹಾಗೇ ಇದ್ದವು. ಅಷ್ಟರಲ್ಲೇ ಅವಳು ತನ್ನ ಸಂಸಾರ ಹೂಡಿಕೊಂಡಳು. ಪ್ರಾಜೆಕ್ಟಿನಲ್ಲಿ ಜಗಳ ನಿಂತಿತು. ಹೊಸಬರು ಬಂದರು, ಬಿಟ್ಟುಹೋದವರಲ್ಲಿ ಒಬ್ಬರು ತಿರುಗಿ ಬಂದರು. ಗುಬ್ಬಿ ಹೇಳಿದ್ದೆಲ್ಲ ನಿಜವಾಗಿದ್ದು ನೋಡಿ ನನಗೆ ಒಳಗೊಳಗೇ ಹೊಟ್ಟೆಯುರಿ.

ಬಂದ ಹೊಸಬರಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಅವರಿಗೆ ಹೊಸದು ಕಟ್ಟುವುದಕ್ಕಿಂತ ಹಳೆಯದು ಗುಡಿಸುವುದರಲ್ಲಿ ಆಸಕ್ತಿ. ಎಲ್ಲೋ ಬಳಸದೆ ಬಿದ್ದ ಹೆಸರು, ಯಾವುದೋ ಕಾಲದ ಟಿಪ್ಪಣಿ, ಎಲ್ಲವನ್ನೂ ಹೆಕ್ಕಿ ಹೆಕ್ಕಿ ತೆಗೆದು, ಒಂದೊಂದಕ್ಕೂ ವಿನಯದ ಒಕ್ಕಣೆ ಬರೆದು ಕಳಿಸುತ್ತಿದ್ದರು. ನಾನು ಅವರಿಗೆ ಪೊರಕೆ ಎಂದು ಹೆಸರಿಟ್ಟೆ. ಅಕ್ಕನಿಗೆ ಅವರು ತುಂಬ ಹಿಡಿಸಿದ್ದರು. ಅವರು ಕಳಿಸುವ ಬದಲಾವಣೆ ಯಾವಾಗಲೂ ಒಂದೋ ಎರಡೋ ಸಾಲು ಇರುತ್ತಿತ್ತು. ಹೋಗುವ ಸಾಲು ಪರದೆಯಲ್ಲಿ ಕೆಂಪಾಗಿ ಕಾಣುತ್ತದೆ, ಬರುವ ಸಾಲು ಹಸಿರು. ಬಣ್ಣ ಅಕ್ಕನ ಅಂಚಿಗೆ ಕಾಣುತ್ತಿತ್ತು.

ಆ ದಿನ ಆಸ್ಪತ್ರೆಯಲ್ಲಿ ಜನ ಜಾಸ್ತಿ, ಮನೆಗೆ ಬರುವಾಗ ತಲೆ ಚಿಟ್ಟು ಹಿಡಿದಿತ್ತು. ಅಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕುತ್ತಿಗೆ ಎಷ್ಟು ತಿರುಗುತ್ತದೋ ಅಷ್ಟು ತಿರುಗಿಸಿ, ಪರದೆಗೆ ಕಿವಿ ಕೊಟ್ಟವರ ಹಾಗೆ ಕೂತಿದ್ದಳು. ನಾನು ಚಪ್ಪಲಿ ಬಿಟ್ಟ ಸದ್ದು ಕೇಳಿ, “ಬಾ ಇಲ್ಲಿ. ಪಾಳಿ ಫೈಲು ತೆಗೆದ್ರೆ ಬೇರೆ ಯಾವುದೋ ಬರ್ತಿದೆ. ಏನು ಹಾಳಾಗಿದೆ ನೋಡು” ಎಂದಳು.

ನೋಡಿದೆ. ಹೆಸರು ಸರಿಯಾಗಿಯೇ ಇತ್ತು. ಮೆಟ್ಟಿಲು ಇರಲಿಲ್ಲ. ಸಾಲುಗಳು ಎಡದಿಂದ ಬಲಕ್ಕೆ ಬಿಗಿಯಾಗಿ ತುಂಬಿದ್ದವು, ಮೂರು ಖಾಲಿ ಸಾಲು ಇದ್ದಲ್ಲೆಲ್ಲ ಒಂದೇ ಉಳಿದಿತ್ತು. ಬ್ಯಾಗು ಹೆಗಲಿನಿಂದ ಇಳಿಸದೆಯೇ ಹಿಂದಿನ ಬದಲಾವಣೆಗಳನ್ನು ತೆಗೆದು ಗಟ್ಟಿಯಾಗಿ ಓದಿದೆ. ಕೊನೆಯದು ರೋಬೋ ಮಾಡಿದ್ದು. ಅದಕ್ಕೆ ಮುಂಚಿನದು ಪೊರಕೆಯವರದು: ‘ಸದ್ಯಕ್ಕೆ ಎಂದು ಬರೆದು ಬಹಳ ದಿನಗಳಾಗಿವೆ. ಮರೆತುಹೋಗಿರಬಹುದು ಎಂದು ತಿಳಿದು ಈ ಸಾಲುಗಳನ್ನು ತೆಗೆದಿದ್ದೇನೆ. ತಪ್ಪಾಗಿದ್ದರೆ ದಯವಿಟ್ಟು ತಿಳಿಸಿ.’ ಅದರ ಕೆಳಗೆ, ಒಪ್ಪಿದವರು ಎಂಬಲ್ಲಿ, ಅಕ್ಕನ ಹೆಸರು. ಅದೊಂದನ್ನು ಓದಲಿಲ್ಲ.

“ಯಾರು ಒಪ್ಪಿದ್ದು?” ಎಂದಳು ಅಕ್ಕ.

“ಇರು, ನೋಡ್ತೀನಿ” ಎಂದೆ. ನೋಡುವುದಕ್ಕೆ ಏನೂ ಇರಲಿಲ್ಲ. ಸುಮ್ಮನೆ ಪುಟ ಮೇಲೆ ಕೆಳಗೆ ಮಾಡಿದೆ.

“ನಾನೇ ಅಲ್ವಾ?”

ನಾನು ಬ್ಯಾಗನ್ನು ಹೆಗಲಿನಿಂದ ಇಳಿಸಿ ನೆಲದ ಮೇಲಿಟ್ಟೆ.

“ಬೆಳಿಗ್ಗೆ ಪೊರಕೆಯವರದು ಒಂದು ಬಂದಿತ್ತು. ನೆತ್ತಿ ಮೇಲೆ ಒಂದು ಕೆಂಪು ಗೆರೆ, ಕೆಳಗೆ ಎಲ್ಲ ಇದ್ದಲ್ಲೇ ಇತ್ತು. ಒಂದು ಮೆಟ್ಟಿಲೂ ಅಲ್ಲಾಡಿರ್ಲಿಲ್ಲ. ಏನೋ ಕಸ ಇರತ್ತೆ, ಹೋಗ್ಲಿ ಅಂತ ಒಪ್ಪಿದೆ.”

“ಸಂಜೆವರೆಗೂ ಕಾಯೋದಕ್ಕೆ ಏನಾಗಿತ್ತು ನಿಂಗೆ?” ಎಂದು ಕಿರುಚಿದೆ. ಅಷ್ಟು ಜೋರಾಗಿ ಅವಳ ಮೇಲೆ ಎಂದೂ ಕೂಗಿದವಳಲ್ಲ.

“ಎಲ್ಲದಕ್ಕೂ ನಿನ್ನನ್ನೇ ಕಾಯ್ಕೊಂಡು ಕೂರ್ಬೇಕಾ ನಾನು?” ಎಂದು ಅವಳೂ ಕೂಗಿದಳು. ಆಮೇಲೆ ಮತ್ತೆ ಪರದೆಯ ಕಡೆಗೆ ಓರೆಯಾಗಿ ತಿರುಗಿದಳು.

ಕೆಳಗೆ ಇನ್ನೂ ಏನೋ ಬರೆದಿದ್ದಾರೆ, ಓದು ಎಂದಳು. ಬೇಡ ಎಂದೆ. ಓದು ಎಂದಳು. ಗುಬ್ಬಿ ಬರೆದಿದ್ದಳು: ‘ಅಕ್ಕಾ, ನೀವೇ ನಿಮ್ಮ ಕೈಯಾರೆ ಬೇಲಿ ತೆಗೆದ್ರಲ್ಲ. ನಾನು ಕೇಳೋಕೆ ಧೈರ್ಯ ಇಲ್ಲದೆ ಸುಮ್ಮನಿದ್ದೆ. ಕಣ್ಣಲ್ಲಿ ನೀರು ಬಂತು.’ ಪೊರಕೆಯವರು, ‘ಮೇಡಂ ಅವರದು ದೊಡ್ಡ ಮನಸ್ಸು’ ಎಂದಿದ್ದರು. ಅದರ ಕೆಳಗೆ ಯಾರುಯಾರದೋ ಹೃದಯದ ಗುರುತುಗಳು. ಹೃದಯಗಳನ್ನೂ ಓದಿ ಹೇಳಿದೆ, ಬಿಟ್ಟರೆ ಅವಳಿಗೆ ಗೊತ್ತಾಗುತ್ತಿತ್ತು.

ತಿರುಗಿಸುವುದು ಕಷ್ಟವಲ್ಲ. ಒಂದು ಗುಂಡಿ ಒತ್ತಿದರೆ ಪೊರಕೆಯವರದೂ ರೋಬೋದ್ದೂ ಎರಡೂ ರದ್ದಾಗಿ ಮೆಟ್ಟಿಲು ಇದ್ದ ಹಾಗೆ ಬಂದು ಕೂರುತ್ತದೆ. ಆದರೆ ಅದರ ಜೊತೆಗೆ ಒಂದು ಕಾರಣ ಬರೆಯಬೇಕು. ಬೆಳಿಗ್ಗೆ ಒಪ್ಪಿದವಳು ಸಂಜೆ ಬೇಡ ಎನ್ನುವುದಕ್ಕೆ ಕಾರಣ ಏನು? ಒಪ್ಪಿದ್ದು ಏನೆಂದು ಅವಳಿಗೆ ಕಾಣಲೇ ಇಲ್ಲ ಎಂದು ಬರೆಯಬೇಕು. ಬೇರೆ ಯಾವ ಸುಳ್ಳೂ ನನಗೆ ಹೊಳೆಯಲಿಲ್ಲ. ಸಹಾಯದ ಪುಟ ಬರೆದು ಬರೆದು ಸವೆದ ಕೈ ಇದು, ಆವತ್ತು ಒಂದು ಸಾಲಿಗೂ ಒದಗಲಿಲ್ಲ.

“ಹೇಳಿಬಿಡೋಣ ಕಣಕ್ಕ” ಎಂದೆ. “ಗುಬ್ಬಿ ಒಳ್ಳೆಯವಳು. ಅರ್ಥ ಮಾಡ್ಕೊಳ್ತಾಳೆ.”

“ಗೊತ್ತು, ಒಳ್ಳೆಯವಳೇ. ಅದಕ್ಕೇ ಬೇಡ ಅನ್ನೋದು. ಓಡಿಸಿದ್ರೆ ಜಗಳ ಆಡಿ ಹೋಗ್ಬಹುದು. ಅವಳು ಓಡ್ಸಲ್ಲ. ಗೌರವಕ್ಕೆ ಅಂತ ಒಂದು ಕುರ್ಚಿ ಹಾಕಿ ಕೂರಿಸ್ತಾಳೆ.”

“ಹಳೇ ಪ್ರತಿ ನಮ್ಮ ಹತ್ರ ಇದೆ. ಅದನ್ನ ಇಟ್ಕೊಂಡು...”

“ಮನೆ ಬಿಟ್ಟ ಮೇಲೆ ಮನೆ ಫೋಟೋ ಇಟ್ಕೊಂಡು ಏನ್ ಮಾಡ್ಲಿ?”

ಆಮೇಲೆ ಅವಳು ಮೇಜಿನ ಮೇಲೆ ಎರಡೂ ಕೈ ಚಾಚಿಕೊಂಡು, ತನ್ನಷ್ಟಕ್ಕೆ ಹೇಳಿಕೊಳ್ಳುವವಳ ಹಾಗೆ ಮೆಲ್ಲಗೆ ಹೇಳಿದಳು. “ಬೇಲಿ ಹೋದ್ರೆ ಹೋಗ್ಲಿ. ಅದಲ್ಲ ನಾನು ಯೋಚಿಸ್ತಿರೋದು. ಡ್ರೈವರ್‌ಗಳ ವಿಶ್ರಾಂತಿ ನೋಡೋ ಸಾಲಿದೆಯಲ್ಲ, ಅದನ್ನ ಯಾರಾದ್ರೂ ಗೊತ್ತಿಲ್ದೆ ತೆಗೆದು ಕಳಿಸಿದ್ರೂ ನಂಗೆ ಒಂದು ಕೆಂಪು ಗೆರೆನೇ ಕಾಣ್ತಿತ್ತು. ಅದನ್ನೂ ಕಸ ಅಂತ್ಲೇ ಒಪ್ತಿದ್ದೆ. ಎಲ್ಲೋ ಒಬ್ಬ ನಿದ್ದೆಗೆಟ್ಟವನು ಇನ್ನೊಂದು ಪಾಳಿಗೂ ಬಸ್ಸು ಹತ್ತಿರ್ತಿದ್ದ. ಹಿಂದೆ ಜನ ಕೂತಿರ್ತಾರೆ.”

ಅವಳು ಹೇಳಿದ್ದರಲ್ಲಿ ಇಲ್ಲ ಎನ್ನಬಹುದಾದದ್ದು ಒಂದೂ ಇರಲಿಲ್ಲ. ಇಷ್ಟು ದಿನ ನಾನು ಅವಳ ಕಣ್ಣಾಗಿದ್ದೇನೆ ಎಂದು ಬೀಗುತ್ತಿದ್ದವಳು, ಹಗಲೆಲ್ಲ ಅವಳೊಬ್ಬಳೇ ಇರುತ್ತಾಳೆ ಎಂಬುದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಕೆಲಸ ಬಿಟ್ಟು ಅವಳ ಪಕ್ಕ ಕೂರುತ್ತೇನೆ ಎನ್ನೋಣವೆಂದರೆ, ಮನೆ ನಡೆಯುವುದು ನನ್ನ ಕೆಲಸದಿಂದ. ಅವಳಿಗೂ ಅದು ಗೊತ್ತಿತ್ತು.

“ಉಸ್ತುವಾರಿಯವರ ಪುಟ ತೆಗಿ” ಎಂದಳು.

“ಯಾಕೆ?”

“ತೆಗಿ ಅಂದ್ನಲ್ಲ.”

ತೆಗೆದೆ. ಅವಳದೇ ಹೆಸರು ಮೇಲೆ, ಅದರ ಎದುರು ಸಣ್ಣ ಅಕ್ಷರದಲ್ಲಿ ‘ಬಿಟ್ಟುಹೋಗು’ ಎಂಬ ಕೊಂಡಿ. ಅದೆಲ್ಲಿದೆ ತೋರಿಸು ಎಂದಳು. ನನಗೆ ಗೊತ್ತಿಲ್ಲ, ನೀನೇ ಹುಡುಕಿಕೋ ಎಂದೆ. ಎಷ್ಟು ಕೆಟ್ಟ ಮಾತು ಎಂದು ಆಡಿದ ಮೇಲೆ ಗೊತ್ತಾಯಿತು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಮೌಸಿನ ಮೇಲೆ ಕೈ ಇಟ್ಟುಕೊಂಡು ಕಾದಳು, ಅಷ್ಟೇ. ಅವಳು ಕಾಯುವುದನ್ನು ನೋಡಲಾಗದೆ ಅವಳ ಕೈಯ ಮೇಲೆ ನನ್ನ ಕೈ ಇಟ್ಟು ಬಾಣವನ್ನು ಆ ಕೊಂಡಿಯ ಹತ್ತಿರ ಒಯ್ದೆ. ಅವಳ ಬೆರಳು ಒತ್ತಿತು.

ಒಂದು ಪೆಟ್ಟಿಗೆ ತೆರೆದುಕೊಂಡಿತು. ಖಂಡಿತ ಬಿಟ್ಟುಹೋಗುತ್ತೀರಾ, ಮತ್ತೆ ಸೇರಬೇಕಾದರೆ ಬೇರೆಯವರು ಸೇರಿಸಬೇಕಾಗುತ್ತದೆ ಎಂದು ಬರೆದಿತ್ತು. ಅದರ ಕೆಳಗೆ ಎರಡು ಗುಂಡಿ, ಎಡಗಡೆ ಬೇಡ, ಬಲಗಡೆ ಹೌದು. ಓದಿ ಹೇಳು ಎಂದಳು, ಓದಿದೆ. ಗುಂಡಿ ಯಾವ ಕಡೆ ಯಾವುದು ಎಂದು ಮಾತ್ರ ಹೇಳಲಿಲ್ಲ. ಕಾಣದವಳಿಗೆ ಮೋಸ ಮಾಡುವುದು ಎಷ್ಟು ಸುಲಭ. ಎಡಗಡೆಗೆ ಒಯ್ದು ಒತ್ತಿಸಿದರೆ ಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ, ಆಯಿತು ಅಕ್ಕ ಎಂದರೆ ಅವಳು ನಂಬುತ್ತಾಳೆ, ನಾಳೆ ಏನಾದರೂ ಯೋಚಿಸಬಹುದು. ಅವಳ ಕೈಯನ್ನು ಮೆಲ್ಲಗೆ ಎಡಕ್ಕೆ ಸರಿಸಿದೆ.

ಅಕ್ಕ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಳು.

“ಅದಲ್ಲ” ಎಂದಳು. “ಬಲಗಡೆ. ಕೆಂಪುದು. ಅದು ಕಾಣತ್ತೆ ನಂಗೆ.”

ನನ್ನ ಕೈ ಕೆಳಗಿನಿಂದ ತನ್ನ ಕೈ ಬಿಡಿಸಿಕೊಂಡು, ಬಾಣವನ್ನು ತಾನೇ ಬಲಕ್ಕೆ ಒಯ್ದು ಒತ್ತಿದಳು.